1804ರ ಸೆಂಟ್ ಅಸಲಿಯೇ? ಅಚ್ಚನ್ನು ಕೇಳಿ

ಅಮೆರಿಕದ ಆರಂಭಕಾಲದ ದೊಡ್ಡ ತಾಮ್ರದ ಸೆಂಟ್‌ಗಳನ್ನು ಓದಲು ಹೊರಟವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ ವಿಷಯ ಇದು: 1793ರಿಂದ ಕೆಲವು ದಶಕಗಳ ಕಾಲ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ನಾಣ್ಯ ಹೊಡೆಯುವ ಒಂದು ಉಕ್ಕಿನ ಅಚ್ಚಿನ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಅಕ್ಷರ, ಅಂಕಿಗಳನ್ನು ಉಕ್ಕಿನ ಮೇಲೆ ಬಿಡಿ ಪಂಚ್‌ಗಳಿಂದ ಕೈಯಲ್ಲೇ ಹೊಡೆದು ಮೂಡಿಸುತ್ತಿದ್ದರು. ಹಾಗಾಗಿ ಒಂದರಲ್ಲಿ ಅಂಕಿ ಕೊಂಚ ಓರೆ, ಇನ್ನೊಂದರಲ್ಲಿ ಎಲೆಯ ತುದಿ ಬೇರೆ ಅಕ್ಷರದ ಕೆಳಗೆ. 1801ರ ಒಂದು ಹಿಂಬದಿ ಅಚ್ಚಿನಲ್ಲಂತೂ ಮೂರು ತಪ್ಪುಗಳು ಒಟ್ಟಿಗೇ ಇವೆ: ಡಾಲರ್‌ನ ನೂರನೇ ಒಂದು ಭಾಗ ಎಂದು ಸೂಚಿಸುವ 1/100 ಇರಬೇಕಾದಲ್ಲಿ 1/000, 'ಯುನೈಟೆಡ್' ಪದದ ಮೊದಲ ಅಕ್ಷರ 'ಯು' ಬದಲು ಎರಡು 'ಐ', ಎಲೆಹಾರಕ್ಕೆ ಒಂದೇ ತೊಟ್ಟು. 1794ರ ಇನ್ನೊಂದು ಹಿಂಬದಿಯಲ್ಲಿ ಅಂಚಿನ ಹಲ್ಲುಗಳ ನಡುವೆ 94 ಪುಟಾಣಿ ನಕ್ಷತ್ರಗಳು.

ಮುಂಬದಿ ಮತ್ತು ಹಿಂಬದಿ ಅಚ್ಚುಗಳ ಒಂದೊಂದು ಜೋಡಿಯೂ ಒಂದು ಪ್ರಭೇದ. 1793ರಿಂದ 1814ರವರೆಗಿನ ಜೋಡಿಗಳಿಗೆ ನಾಣ್ಯತಜ್ಞ ವಿಲಿಯಂ ಷೆಲ್ಡನ್ 1949ರಲ್ಲಿ ಕೊಟ್ಟ ಸಂಖ್ಯೆಗಳೇ ಇಂದಿಗೂ ಬಳಕೆಯಲ್ಲಿವೆ. ನಕ್ಷತ್ರದ ಸೆಂಟ್ ಎಸ್-48, ಮೂರು ತಪ್ಪಿನದು ಎಸ್-219. ವಿರಳತೆಗೆ ಆರ್-1ರಿಂದ ಆರ್-8ರವರೆಗೆ ಮಾಪಕವಿದೆ. ಆರ್-8 ಎಂದರೆ ಒಂದರಿಂದ ಮೂರು ನಾಣ್ಯ ಮಾತ್ರ ತಿಳಿದಿವೆ ಎಂದರ್ಥ.

ಈಗ 1804ಕ್ಕೆ ಬರೋಣ. ಆ ಇಸವಿಯ ಸೆಂಟ್‌ಗೆ ಇರುವುದು ಒಂದೇ ಜೋಡಿ, ಎಸ್-266. ಖೋಟಾ ಹಿಡಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಅಸಲಿಯಲ್ಲಿ ಇಸವಿಯ 0 ನೇರ ಬೆನ್ನ ಹಿಂದೆ, ಹಿಂಬದಿಯ 'ಆಫ್' ಪದದ 'ಓ' ಇರುತ್ತದೆ. 4ರ ಅಡ್ಡಗೆರೆಯ ತುದಿಗೆ ಪುಟ್ಟ ಲಂಬಗೆರೆ ಇರುತ್ತದೆ. ಕೆಳಗಿನ ಭಿನ್ನರಾಶಿಯ ಅಂಕಿಗಳು ದೊಡ್ಡವು. ಅಚ್ಚು ಹಳತಾದಂತೆ ಮುಂಬದಿಯಲ್ಲಿ 'ಲಿಬರ್ಟಿ'ಯ ಕೊನೆಯ ಮೂರು ಅಕ್ಷರಗಳ ಮೇಲೆ ಅಂಚು ಒಡೆಯಿತು. ಆಮೇಲೆ ಹಿಂಬದಿಯಲ್ಲೂ 'ಅಮೆರಿಕ'ದ ನಡು ಅಕ್ಷರಗಳ ಮೇಲೆ ಒಡೆಯಿತು. ಹಿಂಬದಿ ಮಾತ್ರ ಒಡೆದು ಮುಂಬದಿ ಸರಿಯಾಗಿರುವ 1804 ಎದುರಾದರೆ ಅನುಮಾನಿಸಿ, ಏಕೆಂದರೆ ಒಡೆದ ಉಕ್ಕು ಮತ್ತೆ ಕೂಡಿಕೊಳ್ಳುವುದಿಲ್ಲ.

1803ರ ಸೆಂಟ್‌ನ ಕೊನೆಯ ಅಂಕಿಯನ್ನು ಕೆತ್ತಿ 4 ಮಾಡಿದವರಿದ್ದಾರೆ. ಅಂಕಿ ಬದಲಾಗುತ್ತದೆ, ಉಳಿದ ಅಕ್ಷರಗಳ ಸ್ಥಾನ ಬದಲಾಗುವುದಿಲ್ಲ. 0 ಮತ್ತು 'ಓ' ಎದುರುಬದುರಾಗದೆ ಸಿಕ್ಕಿಬೀಳುತ್ತದೆ. 1860ರ ಆಸುಪಾಸಿನಲ್ಲಿ ಟಂಕಸಾಲೆಯ ಹಳೆಯ ಅಚ್ಚುಗಳಿಂದ ಖಾಸಗಿಯಾಗಿ ಹೊಡೆದ 'ಮರುಟಂಕ'ವೂ ಇದೆ. ಅದರ ಮುಂಬದಿ 1803ರ ಅಚ್ಚನ್ನು ತಿದ್ದಿದ್ದು, ಹಿಂಬದಿ 1820ರ ಸೆಂಟ್‌ನದು. 1820ರ ವೇಳೆಗೆ ಭಿನ್ನರಾಶಿಯನ್ನೇ ಕೈಬಿಟ್ಟಿದ್ದರು. ನಾಣ್ಯ ತಿರುಗಿಸಿ, 1/100 ಇಲ್ಲವೆಂದರೆ ಅಲ್ಲಿಗೇ ತೀರ್ಮಾನ.

1799ಕ್ಕೂ ಇದೇ ತರ್ಕ. ಎರಡೇ ಜೋಡಿ, ಎಸ್-188 ಮತ್ತು ಎಸ್-189. 1798ರ ಕೊನೆಯ 8ನ್ನು 9 ಮಾಡುವ ಮೋಸ ಹಳೆಯದು. ಕೊನೆಯ ಅಂಕಿಯ ಸುತ್ತ ತಾಮ್ರ ಕೆರೆದ ಗುರುತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಜೊತೆಗೆ ಇಡೀ ಮುಂಬದಿಯನ್ನು ಆ ಎರಡು ಜೋಡಿಗಳ ಚಿತ್ರದೊಂದಿಗೆ ಹೋಲಿಸಿ. ತೂಕವನ್ನೂ ಮರೆಯಬೇಡಿ: 1795ರ ಕೊನೆಗೆ ನಿಗದಿ 208 ಗ್ರೇನ್‌ನಿಂದ 168 ಗ್ರೇನ್‌ಗೆ, ಅಂದರೆ ಸುಮಾರು 10.89 ಗ್ರಾಂಗೆ ಇಳಿಯಿತು.

ಆದರೆ ಈಚಿನ ಖೋಟಾಗಳು ಈ ತರ್ಕವನ್ನೇ ಬಳಸಿಕೊಂಡಿವೆ. ಒಂದು ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು ಹೊಡೆದಾಗ ಅಕ್ಷರ, ಎಲೆ ಎಲ್ಲವೂ ಪ್ರಭೇದಕ್ಕೆ ಸರಿಯಾಗಿ ಹೊಂದುತ್ತವೆ. ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ಗುರುತು ಅಚ್ಚಿನದೋ, ಬಳಕೆಯಲ್ಲಿ ಬಿದ್ದದ್ದೋ? ಅಚ್ಚಿನ ಬಿರುಕು ಆ ಹಂತದ ಎಲ್ಲ ನಾಣ್ಯಗಳಲ್ಲೂ ಕಾಣುತ್ತದೆ. ಕೆನ್ನೆಯ ಮೇಲಿನ ಗೀರು, ಅಂಚಿನ ತಗ್ಗು ಮಾತ್ರ ಆಯಾ ನಾಣ್ಯದ ಸ್ವಂತದ್ದು. ಅದೇ ಗೀರು ಅದೇ ಜಾಗದಲ್ಲಿ ಎರಡು ನಾಣ್ಯಗಳಲ್ಲಿದ್ದರೆ, ಕನಿಷ್ಠ ಒಂದಾದರೂ ಖೋಟಾ, ಎರಡೂ ಇರಬಹುದು. ಹೀಗಾಗಿ ಹರಾಜಿನ ಹಳೆಯ ಚಿತ್ರಗಳನ್ನು ಪ್ರಭೇದವಾರು ಕೂಡಿಟ್ಟುಕೊಳ್ಳಿ. ಹೊಸ ನಾಣ್ಯ ಕಂಡಾಗ ಮೊದಲು ಅದರ ಗೀರುಗಳನ್ನು ಆ ಚಿತ್ರಗಳಲ್ಲಿ ಹುಡುಕಿ, ಆಮೇಲೆ ಅದರ ಷೆಲ್ಡನ್ ಸಂಖ್ಯೆ ನೋಡಿ.