ಟಿವಿ ವಾಹನದಿಂದ ಮೇಲೆ ಹೋಗುವ ಕಚ್ಚಾ ಫೀಡ್ ನಮ್ಮ ಮನೆಯ ಡಿಶ್‌ಗೆ ಸಿಗುತ್ತದೆಯೇ?

ಓದುಗರ ಪ್ರಶ್ನೆ: ಶಿರಸಿಯ ಮಾರಿಕಾಂಬಾ ಜಾತ್ರೆಗೆ ಟಿವಿ ಚಾನೆಲ್‌ಗಳ ವಾಹನಗಳು ಬಂದು, ನೆತ್ತಿಯ ಮೇಲಿನ ಡಿಶ್ ಎತ್ತಿ ನೇರಪ್ರಸಾರ ಕಳಿಸುತ್ತವೆ. ನಮ್ಮ ಮನೆಯಲ್ಲಿ ಹಳೆಯ 8 ಅಡಿ ಜಾಲರಿ ಡಿಶ್ ಇದೆ. ಜಾಹೀರಾತು, ಕೆಳಗೆ ಓಡುವ ಪಟ್ಟಿ, ಆ್ಯಂಕರ್ ಮಾತು ಏನೂ ಇಲ್ಲದ ಆ ಫೀಡನ್ನು ನೇರವಾಗಿ ಹಿಡಿದು ರೆಕಾರ್ಡ್ ಮಾಡಿಕೊಳ್ಳಬಹುದೇ?

ಉತ್ತರ: ಸಿಗ್ನಲ್ ನಿಮ್ಮ ಅಂಗಳಕ್ಕೆ ಬಿದ್ದೇ ಬೀಳುತ್ತದೆ, ಆದರೆ ಚಿತ್ರ ಬರುವುದಿಲ್ಲ. ನಮ್ಮ ದೇಶದ ಅಪ್‌ಲಿಂಕ್ ನಿಯಮದ ಪ್ರಕಾರ ಇಂಥ ವಾಹನಗಳು ಫೀಡನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀಲಿ ಇಲ್ಲದವರಿಗೆ ತೆರೆಯದಂತೆ ಮುಚ್ಚಿಯೇ ಕಳಿಸಬೇಕು. ಅದನ್ನು ಇಳಿಸಿಕೊಳ್ಳುವ ಹಕ್ಕು ಆ ಚಾನೆಲ್‌ಗೆ ಅನುಮತಿ ಇರುವ ಟೆಲಿಪೋರ್ಟ್‌ಗೆ (ಉಪಗ್ರಹಕ್ಕೆ ಸಿಗ್ನಲ್ ಕಳಿಸುವ, ಇಳಿಸಿಕೊಳ್ಳುವ ನೆಲದ ಕೇಂದ್ರಕ್ಕೆ) ಮಾತ್ರ. ಹಾಗಾಗಿ ತಕ್ಕ ಡಿಶ್, ಒಳ್ಳೆಯ ರಿಸೀವರ್ ಇದ್ದರೆ ಸಿಗ್ನಲ್ ಲಾಕ್ ಆಗಬಹುದು, ಗುಣಮಟ್ಟದ ಗೆರೆ ಹಸಿರಾಗಬಹುದು, ಪರದೆ ಮಾತ್ರ ಕಪ್ಪು. ಫೀಡ್‌ಗಳನ್ನು ಮುಚ್ಚಲು ಹೆಚ್ಚಾಗಿ ಬಳಸುವ ಬಿಸ್ ಎಂಬ ಪದ್ಧತಿಯ ಸರಳ ರೂಪದಲ್ಲಿ ಕೀಲಿ 12 ಅಂಕಿ–ಅಕ್ಷರಗಳದ್ದು. ಅದು ಕಳಿಸುವವರು, ಪಡೆಯುವವರ ನಡುವಿನ ವಿಷಯ. ಕೀಲಿ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಅದು ಕಾನೂನಿಗೂ ವಿರುದ್ಧ. ಕಚ್ಚಾ ಫೀಡ್‌ನಲ್ಲಿ ಜನ ನೋಡಬಾರದ್ದೂ ಇರುತ್ತದೆ ಎಂಬುದನ್ನು ಮರೆಯಬಾರದು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯಲ್ಲಿ ಕ್ಯಾಮೆರಾಗಳು ದಿನಗಟ್ಟಲೆ ನಿಂತಿದ್ದವು. ತಮ್ಮವರಿಗಾಗಿ ಕಾಯುತ್ತಿರುವವರ ಮುಖದ ಮೇಲೆ ಬಿಟ್ಟಿಟ್ಟ ಕ್ಯಾಮೆರಾದ ಚಿತ್ರ ಯಾರ ಸಂಗ್ರಹಕ್ಕೂ ಹೋಗಬಾರದು.

ಎನ್‌ಕ್ರಿಪ್ಟ್ ಮಾಡದಿದ್ದರೂ ನಿಮ್ಮ ಡಿಶ್ ಅದಕ್ಕೆ ಹೊಂದುತ್ತಿರಲಿಲ್ಲ. ಉಪಗ್ರಹ ಟಿವಿಗೆ ಬಳಸುವ ಆವರ್ತನ ಪಟ್ಟಿಗಳಲ್ಲಿ ಸಿ ಬ್ಯಾಂಡ್ ಕೆಳಗಿನದು, ಕೆಯು ಬ್ಯಾಂಡ್ ಮೇಲಿನದು. ಸುದ್ದಿ ವಾಹನಗಳು ಹೆಚ್ಚಾಗಿ ಕೆಯು ಬ್ಯಾಂಡ್‌ನವು. 14 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಮೇಲೆ ಕಳಿಸುತ್ತವೆ, 35,786 ಕಿ.ಮೀ. ಎತ್ತರದ ಉಪಗ್ರಹ ಅದನ್ನು ಇನ್ನೂ ಕಡಿಮೆ ಆವರ್ತನಕ್ಕೆ ಬದಲಿಸಿ ಕೆಳಗೆ ಬಿಡುತ್ತದೆ. ಆದ್ದರಿಂದ ವಾಹನದ ಪಕ್ಕದಲ್ಲೇ ಡಿಶ್ ಇಟ್ಟು ಅದರತ್ತ ತಿರುಗಿಸಿದರೆ ಏನೂ ಸಿಗದು, ನೋಡಬೇಕಾದ್ದು ಉಪಗ್ರಹವನ್ನೇ. ನಿಮ್ಮ ಜಾಲರಿ ಡಿಶ್ ಮಾಡಿದ್ದು ಸಿ ಬ್ಯಾಂಡ್‌ಗೆ. ಅಲ್ಲಿ ಅಲೆಯ ಉದ್ದ ಸುಮಾರು ಏಳೂವರೆ ಸೆಂಟಿಮೀಟರ್, ಜಾಲರಿಯ ಕಣ್ಣು ಅದರ ಹತ್ತನೇ ಒಂದು ಭಾಗದೊಳಗಿದ್ದರೆ ಸಾಕು. ಕೆಯುನಲ್ಲಿ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್. ಐದಾರು ಮಿಲಿಮೀಟರ್ ಕಣ್ಣಿನ ಜಾಲರಿಯಲ್ಲಿ ಅದು ಸೋರಿಹೋಗುತ್ತದೆ.

ಇನ್ನೊಂದು ವಿಷಯ. ಈಗ ಬಹಳಷ್ಟು ವರದಿಗಾರರು ಬೆನ್ನುಚೀಲದ ಯಂತ್ರದಲ್ಲಿ ನಾಲ್ಕಾರು ಸಿಮ್ ಒಟ್ಟುಗೂಡಿಸಿ ಮೊಬೈಲ್ ಜಾಲದಲ್ಲೇ ಚಿತ್ರ ಕಳಿಸುತ್ತಾರೆ. ಕಾರವಾರ ಪೇಟೆಯಿಂದ ಹೊರಟ ಸುದ್ದಿ ಉಪಗ್ರಹ ಮುಟ್ಟದೆಯೇ ಸ್ಟುಡಿಯೋ ಸೇರಿರಬಹುದು. ನೆಟ್‌ವರ್ಕ್ ಬಾರದ ಘಟ್ಟದ ತಿರುವುಗಳಲ್ಲಿ, ಜಾತ್ರೆಯ ಜನಸಂದಣಿಗೆ ಟವರ್ ಸೋತಾಗ ಮಾತ್ರ ಡಿಶ್ ವಾಹನವೇ ಬೇಕು.

ಹಾಗಾದರೆ 8 ಅಡಿ ಡಿಶ್ ಗುಜರಿಗೆ ಹಾಕಬೇಕೆ? ಖಂಡಿತ ಬೇಡ. ಚಾನೆಲ್‌ಗಳು ಕೇಬಲ್‌ನವರಿಗೂ ಡಿಟಿಎಚ್‌ನವರಿಗೂ ಕೊಡುವ ಮೂಲ ಪ್ರತಿ ಇಳಿಯುವುದು ಸಿ ಬ್ಯಾಂಡ್‌ನಲ್ಲೇ. ಡಿಟಿಎಚ್‌ನವರು ಅದನ್ನು ಇಳಿಸಿಕೊಂಡು, ಇನ್ನಷ್ಟು ಹಿಂಡಿ (ಕಂಪ್ರೆಸ್ ಮಾಡಿ), ಮತ್ತೆ ಮೇಲೆ ಕಳಿಸುತ್ತಾರೆ. ಹಿಂಡುವ ಮೊದಲಿನ ಚಿತ್ರ ನಿಮ್ಮ ಡಿಶ್‌ಗೆ ಬರುತ್ತದೆ. ಹಣ ಕೊಟ್ಟು ನೋಡುವ ಚಾನೆಲ್‌ಗಳು ಅಲ್ಲೂ ಮುಚ್ಚಿರುತ್ತವೆ, ಉಚಿತ ಚಾನೆಲ್‌ಗಳು ತೆರೆದಿರುತ್ತವೆ. ಜೊತೆಗೆ ಮುಚ್ಚದೇ ಬಿಟ್ಟ ಪರೀಕ್ಷಾ ಫೀಡ್, ಬಣ್ಣದ ಪಟ್ಟಿ, ಯಾವುದೋ ದೇಶದ ಸಭೆಯ ನೇರಚಿತ್ರ ಆಗಾಗ ಕಾಣಿಸುತ್ತವೆ.

ಅವನ್ನು ಹುಡುಕಲು ಬ್ಲೈಂಡ್ ಸ್ಕ್ಯಾನ್ (ವಿವರ ಕೊಡದಿದ್ದರೂ ಇರುವ ಸಿಗ್ನಲ್‌ಗಳನ್ನೆಲ್ಲ ತಾನೇ ಹುಡುಕುವ ಸೌಲಭ್ಯ) ಇರುವ ರಿಸೀವರ್ ಬೇಕು. ಚಾನೆಲ್ ಗುಚ್ಛಗಳ ಸಿಂಬಲ್ ರೇಟ್ (ಸಿಗ್ನಲ್ ಮಾಹಿತಿ ಸಾಗಿಸುವ ವೇಗ; ಹೆಚ್ಚಿದ್ದಷ್ಟೂ ಸಿಗ್ನಲ್ ಅಗಲ) 30,000ದ ಸುತ್ತಮುತ್ತ ಇದ್ದರೆ, ಫೀಡ್‌ಗಳದ್ದು 2,000ದಿಂದ 7,000. ಹೊಸಬರು ಎಡವುವುದು ಇಲ್ಲೇ. ಡಿಶ್‌ನ ಎದುರು ನಿಂತು ಸಿಗ್ನಲ್ ಹಿಡಿದು ಕೇಬಲ್‌ಗೆ ಬಿಡುವ ಹಳೆಯ ಎಲ್‌ಎನ್‌ಬಿ ಬಿಸಿಲಿಗೆ ಕಾದರೆ ಅದರ ಒಳಗಿನ ಆಸಿಲೇಟರ್‌ನ ಆವರ್ತನ 1 ಮೆಗಾಹರ್ಟ್ಸ್‌ನಷ್ಟು ಜಾರುತ್ತದೆ. 30,000ದ ಸಿಗ್ನಲ್‌ಗೆ ಅದು ಲೆಕ್ಕಕ್ಕಿಲ್ಲ. 2,000ದ್ದು ಇರುವುದೇ ಎರಡೂವರೆ ಮೆಗಾಹರ್ಟ್ಸ್ ಅಗಲ. ಬೆಳಿಗ್ಗೆ ಸಿಕ್ಕಿದ್ದು ಮಧ್ಯಾಹ್ನ ಮಾಯವಾದರೆ ಡಿಶ್ ಅಲುಗಾಡಿಸಬೇಡಿ, ಹೀಗೆ ಜಾರದ ಪಿಎಲ್‌ಎಲ್ ಮಾದರಿಯ ಎಲ್‌ಎನ್‌ಬಿ ಹಾಕಿ. ಇನ್ನು ಧ್ವನಿ ಬಂದು ಚಿತ್ರ ಬಾರದಿದ್ದರೆ ಎನ್‌ಕ್ರಿಪ್ಶನ್ ಎಂದೇ ತಿಳಿಯಬೇಡಿ. ಸ್ಟುಡಿಯೋಗೆ ಹೋಗುವ ಫೀಡ್‌ಗಳಲ್ಲಿ ಬಣ್ಣದ ಮಾಹಿತಿ ಹೆಚ್ಚಿರುವ 4:2:2 ಮಾದರಿ ಇರುತ್ತದೆ, ಮನೆಯ ಬಾಕ್ಸ್‌ಗಳಿಗೆ ಗೊತ್ತಿರುವುದು 4:2:0 ಒಂದೇ. ಅದನ್ನು ರೆಕಾರ್ಡ್ ಮಾಡಿ, ಆ ಫೈಲನ್ನು ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಪ್ಲೇಯರ್‌ಗೆ ಹಾಕಿದರೆ ಚಿತ್ರ ಕಾಣುತ್ತದೆ.

ಡಿಶ್ ತಿರುಗಿಸುವ ಲೆಕ್ಕ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬೇರೆಯೇ. ಕಾರವಾರದಿಂದ 83 ಡಿಗ್ರಿ ಪೂರ್ವದ ಉಪಗ್ರಹಗಳು ಸುಮಾರು 70 ಡಿಗ್ರಿ ಎತ್ತರದಲ್ಲಿ, ಉತ್ತರದಿಂದ ಬಲಕ್ಕೆ ಎಣಿಸಿದರೆ 149 ಡಿಗ್ರಿಯಲ್ಲಿವೆ. ಡಿಡಿ ಫ್ರೀ ಡಿಶ್‌ನ 93.5 ಡಿಗ್ರಿಗೆ ಎತ್ತರ ಸುಮಾರು 62, ದಿಕ್ಕು 126. ಶಿರಸಿಗೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಎಲ್‌ಎನ್‌ಬಿಯನ್ನೂ ಓರೆ ಮಾಡಬೇಕು: 83ಕ್ಕೆ ಸುಮಾರು 30 ಡಿಗ್ರಿ, 93.5ಕ್ಕೆ ಸುಮಾರು 51. ಅಲ್ಲಿಂದ ಶುರುಮಾಡಿ ಗುಣಮಟ್ಟದ ಗೆರೆ ನೋಡಿಕೊಂಡು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ. ಡಿಶ್ ಇಷ್ಟು ಆಕಾಶಕ್ಕೆ ಮುಖ ಮಾಡುವುದರಿಂದ ಅಡಿಕೆ ತೋಟದ ನಡುವೆಯೂ ಮೇಲ್ಗಡೆ ತೆರವಿದ್ದರೆ ಸಾಕಾಗುತ್ತದೆ. ಆದರೆ ತಗಡಿನ ಡಿಶ್ ಬೋಗುಣಿಯಂತೆ ಮಳೆನೀರನ್ನೂ ತರಗೆಲೆಯನ್ನೂ ತುಂಬಿಕೊಳ್ಳುತ್ತದೆ, ಅದರ ತಳಕ್ಕೆ ಒಂದು ತೂತು ಕೊರೆಯಲೇಬೇಕು. ಜಾಲರಿಗೆ ಈ ಕಾಟವಿಲ್ಲ.

ಡಿಶ್ ಹೀಗೆ ಆಕಾಶಕ್ಕೆ ಮುಖ ಮಾಡುವುದರಿಂದಲೇ ಎಲ್‌ಎನ್‌ಬಿಯ ಬೆನ್ನು ಮೇಲಾಗಿ ನಿಲ್ಲುತ್ತದೆ, ಕೇಬಲ್ ಸೇರುವ ಎಫ್ ಕನೆಕ್ಟರ್‌ನ ಮೇಲೆ ಮಳೆ ನೇರ ಹೊಡೆಯುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಒಂದೇ ಮಳೆಗಾಲಕ್ಕೆ ಕನೆಕ್ಟರ್ ಹಸಿರು ಹಿಡಿಯುತ್ತದೆ. ಕನೆಕ್ಟರ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಎಳೆದು ಸುತ್ತಿದರೆ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಟೊಪ್ಪಿ ಹಾಕಿ. ಕೇಬಲ್ ಮನೆಯೊಳಗೆ ಬರುವ ಮೊದಲು ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ನೀರು ಹೊಕ್ಕಿದೆಯೋ ಇಲ್ಲವೋ ತಿಳಿಯುವ ಗುರುತು ಹೀಗಿದೆ. ಸಿ ಬ್ಯಾಂಡ್ ಎಲ್‌ಎನ್‌ಬಿ 5,150 ಮೆಗಾಹರ್ಟ್ಸ್‌ನಿಂದ ಸಿಗ್ನಲ್‌ನ ಆವರ್ತನವನ್ನು ಕಳೆದು, ಉಳಿದದ್ದನ್ನು ಕೇಬಲ್‌ಗೆ ಬಿಡುತ್ತದೆ, ಹಾಗಾಗಿ 3,700ರದ್ದು ಕೇಬಲ್‌ನಲ್ಲಿ 1,450 ಆಗಿ ಬರುತ್ತದೆ, 4,200ರದ್ದು 950 ಆಗಿ. ಒದ್ದೆ ಕೇಬಲ್ ಹೆಚ್ಚಿನ ಆವರ್ತನವನ್ನು ಮೊದಲು ನುಂಗುವುದರಿಂದ 3,700ರ ಕಡೆಯ ಚಾನೆಲ್‌ಗಳು ಮೊದಲು ಕಡಿಯುತ್ತವೆ. 5ಜಿ ಟವರ್‌ನ ತೊಂದರೆಯೂ ಇದೇ ತುದಿಯಲ್ಲಿ ಬರುತ್ತದೆ, ಏಕೆಂದರೆ ಅದರ ಒಂದು ಪಟ್ಟಿ 3,670ರವರೆಗೆ ಚಾಚಿದೆ. ಮಳೆ ಬಂದಾಗ ಕೆಟ್ಟು ಒಣಗಿದಾಗ ಸರಿಹೋದರೆ ನೀರು. ಬಿಸಿಲಿನಲ್ಲೂ ಕೆಟ್ಟೇ ಇದ್ದರೆ ಎಲ್‌ಎನ್‌ಬಿಯ ಮುಂದೆ 3,700–4,200 ಮಾತ್ರ ಬಿಡುವ ಫಿಲ್ಟರ್ ಬೇಕು. ಮಾರ್ಚ್ ಮಧ್ಯ ಮತ್ತು ಸೆಪ್ಟೆಂಬರ್ ಕೊನೆಯ ಆಸುಪಾಸಿನಲ್ಲಿ ಕೆಲವು ದಿನ ಒಂದೇ ಹೊತ್ತಿಗೆ ಕೆಲವು ನಿಮಿಷ ಸಿಗ್ನಲ್ ಹೋದರೆ ಸೂರ್ಯ ಉಪಗ್ರಹದ ಹಿಂದೆ ಬಂದಿದ್ದಾನೆ ಎಂದು ತಿಳಿಯಿರಿ. ಏನೂ ಮುಟ್ಟಬೇಡಿ.

ಇನ್ನು ರೆಕಾರ್ಡಿಂಗ್. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರಸಾರ ಸಂಸ್ಥೆಗೆ 25 ವರ್ಷದ ಹಕ್ಕಿದೆ, ಸ್ವಂತ ಬಳಕೆಗೆ ಮಾಡಿಕೊಂಡ ರೆಕಾರ್ಡಿಂಗ್‌ಗೆ ವಿನಾಯಿತಿಯೂ ಇದೆ. ಅದನ್ನು ಯೂಟ್ಯೂಬ್‌ಗೆ ಹಾಕುವುದು, ಊರಿನ ಕೇಬಲ್‌ಗೆ ಕೊಡುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ವಾಹನದ ಫೀಡಿನ ಬೆನ್ನು ಹತ್ತುವುದಕ್ಕಿಂತ ಚಂದನದಂಥ ಉಚಿತ ವಾಹಿನಿಯ ಯಕ್ಷಗಾನ, ಸಂಗೀತ, ಸಂದರ್ಶನವನ್ನು ಶುದ್ಧವಾಗಿ ಇಟ್ಟುಕೊಳ್ಳುವುದು ಹೆಚ್ಚು ಬೆಲೆಯುಳ್ಳ ಕೆಲಸ ಎಂಬುದು ನಮ್ಮ ಖಚಿತ ಅಭಿಪ್ರಾಯ. ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿದ ತುಣುಕುಗಳಲ್ಲಿ ಭಾಗವತರ ದನಿ, ಚಂಡೆ ಎರಡೂ ಕೆಟ್ಟಿರುತ್ತವೆ.

ಬಂದ ಸಿಗ್ನಲನ್ನು ಹಾಗೆಯೇ ಟಿಎಸ್ ಫೈಲ್ ಆಗಿ ಇಳಿಸಿ. ಅದು 188 ಬೈಟ್‌ಗಳ ಪುಟ್ಟ ಪುಟ್ಟ ಪ್ಯಾಕೆಟ್‌ಗಳ ಸಾಲು. ಆಷಾಢದಲ್ಲಿ ಕರೆಂಟ್ ಹೋಗಿ ರೆಕಾರ್ಡಿಂಗ್ ಅರ್ಧಕ್ಕೆ ನಿಂತರೂ ಅಲ್ಲಿಯವರೆಗಿನದು ಓಡುತ್ತದೆ. ಎಂಪಿ4 ಆದರೆ ಕೊನೆಯಲ್ಲಿ ಬರೆಯಬೇಕಾದ ಸೂಚಿ ಇಲ್ಲದೆ ಪೂರ್ತಿ ಫೈಲೇ ತೆರೆಯುವುದಿಲ್ಲ. ಸೆಕೆಂಡಿಗೆ 4 ಮೆಗಾಬಿಟ್ ಇದ್ದರೆ ಗಂಟೆಗೆ 1.8 ಜಿಬಿ, 8 ಇದ್ದರೆ 3.6 ಜಿಬಿ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 8 ಮೆಗಾಬಿಟ್‌ನ ರೆಕಾರ್ಡಿಂಗ್ ಸುಮಾರು 71 ನಿಮಿಷಕ್ಕೆ ನಿಲ್ಲುತ್ತದೆ, ಇಲ್ಲವೇ ತುಂಡಾಗುತ್ತದೆ. ಬಾಕ್ಸ್ ಒಪ್ಪುವುದಾದರೆ ಈ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ಮಾದರಿಗೆ ಫಾರ್ಮ್ಯಾಟ್ ಮಾಡಿ. ಯುಎಸ್‌ಬಿ 2 ಕಿಂಡಿಯಿಂದ ಬರುವುದು 500 ಮಿಲಿಆಂಪ್ ಮಾತ್ರ, ಅದಕ್ಕೆ ಪ್ರತ್ಯೇಕ ಕರೆಂಟ್ ಇರುವ ಹಾರ್ಡ್ ಡಿಸ್ಕ್ ಒಳ್ಳೆಯದು. ಬೇಡದ ಆರಂಭ, ಕೊನೆ ತೆಗೆಯುವಾಗ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಕಾಪಿ ಆಯ್ಕೆಯಿಂದಲೇ ಕತ್ತರಿಸಿ, ಮತ್ತೆ ಎನ್‌ಕೋಡ್ ಮಾಡಬೇಡಿ. ಫೈಲಿನ ಹೆಸರಿನಲ್ಲಿ ತಾರೀಖು, ವಾಹಿನಿ, ಪ್ರಸಂಗದ ಹೆಸರು ಬರೆದು, ಎರಡನೇ ಪ್ರತಿಯನ್ನು ಬೇರೆ ಮನೆಯ ಡಿಸ್ಕ್‌ನಲ್ಲಿಡಿ. ಮಳೆಗಾಲದ ಸಿಡಿಲು ಡಿಶ್‌ನ ಕೇಬಲ್ ಹಿಡಿದು ಬಂದರೆ ಬಾಕ್ಸ್, ಟಿವಿ, ಡಿಸ್ಕ್ ಮೂರೂ ಒಟ್ಟಿಗೆ ಸುಡುತ್ತವೆ, ಆದ್ದರಿಂದ ಗುಡುಗು ಶುರುವಾದ ಕೂಡಲೇ ಕೇಬಲ್ ಬಿಚ್ಚಿಡಿ.