ಬಾಟಲಿಯ ಕಪ್ಪು ಕೊನೆಗಿರಲಿ

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ನಾನು ನಡೆಸುವ, ಪುಟ್ಟ ಗೊಂಬೆಗಳಿಗೆ ಬಣ್ಣ ಬಳಿಯುವ ತರಗತಿಗೆ ಹನ್ನೆರಡು ವರ್ಷದ ಹುಡುಗರಿಂದ ಹಿಡಿದು ನಿವೃತ್ತ ಬ್ಯಾಂಕ್ ನೌಕರರವರೆಗೆ ಎಲ್ಲರೂ ಬರುತ್ತಾರೆ. ಕೆಲವರ ಕೈಯಲ್ಲಿ ಪ್ಲಾಸ್ಟಿಕ್ ಸೈನಿಕರು, ಕೆಲವರ ಕೈಯಲ್ಲಿ ದಸರಾ ಗೊಂಬೆಗಳು. ಒಬ್ಬರಂತೂ ತಮ್ಮ ಹಳ್ಳಿಯ ಮನೆಯನ್ನೇ ಕೊಟ್ಟಿಗೆ ಸಮೇತ ಅಂಗೈಯಗಲಕ್ಕೆ ಕಟ್ಟುತ್ತಿದ್ದಾರೆ. ಕೆಂಪು, ಹಸಿರು, ನೀಲಿ ಬಳಿಯುವಾಗ ಎಲ್ಲರೂ ಜಾಣರೇ. ಕಪ್ಪು ಕೋಟು, ಬಿಳಿ ಪಂಚೆ ಬಂದ ಕೂಡಲೇ ಬುದ್ಧಿ ಅಟ್ಟ ಹತ್ತಿ ಕೂರುತ್ತದೆ. ಕಪ್ಪು ಬಾಟಲಿಯ ಮುಚ್ಚಳ ತೆಗೆದು ಕೋಟಿಗೆ ಬಳಿಯುತ್ತಾರೆ, ಬಿಳಿ ಬಾಟಲಿಯ ಮುಚ್ಚಳ ತೆಗೆದು ಪಂಚೆಗೆ ಬಳಿಯುತ್ತಾರೆ. ಆಮೇಲೆ ನನ್ನ ಮುಂದೆ ತಂದಿಟ್ಟು, "ಮೇಷ್ಟ್ರೇ, ಇದಕ್ಕೆ ಈಗ ನೆರಳು ಹಾಕುವುದು ಹೇಗೆ?" ಎಂದು ಕೇಳುತ್ತಾರೆ.

ಹಾಕುವುದಕ್ಕೆ ಜಾಗ ಎಲ್ಲಿ ಉಳಿದಿದೆ? ಕೋಟಿನ ಮಡಿಕೆಯೊಳಗೆ ಇನ್ನಷ್ಟು ಕತ್ತಲು ಬೇಕೆಂದರೆ ಆ ಕಪ್ಪಿಗಿಂತ ಕಪ್ಪು ನಿಮ್ಮ ಪೆಟ್ಟಿಗೆಯಲ್ಲಿಲ್ಲ. ಪಂಚೆಯ ಮಂಡಿಯ ಮೇಲೆ ಬೆಳಕು ಬೇಕೆಂದರೆ ಆ ಬಿಳಿಗಿಂತ ಬಿಳಿಯೂ ಇಲ್ಲ. ತಿಂಗಳ ಸಂಬಳವನ್ನೆಲ್ಲ ಒಂದನೇ ತಾರೀಖಿಗೇ ಖರ್ಚು ಮಾಡಿದಂತೆ ಇದು.

ಪ್ರೈಮರ್ ಹೊಡೆಯುವುದು, ಬಣ್ಣವನ್ನು ತೆಳುವಾಗಿಸುವುದು, ಬ್ರಷ್ ತೊಳೆಯುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಗೊತ್ತಿಲ್ಲದವರು ಮೊದಲು ಅದನ್ನು ಕಲಿತು ಬರಲಿ. ನಾನು ಹೇಳಹೊರಟಿರುವುದು ಒಂದೇ ಮಾತು: ಬಾಟಲಿಯ ಕಪ್ಪು ಕೋಟಿನ ಬಣ್ಣವಲ್ಲ, ಕೋಟಿನ ಅತಿ ಆಳದ ನೆರಳಿನ ಬಣ್ಣ. ಬಾಟಲಿಯ ಬಿಳಿ ಪಂಚೆಯ ಬಣ್ಣವಲ್ಲ, ಪಂಚೆಯ ಮೇಲೆ ಬೆಳಕು ನೇರವಾಗಿ ಬೀಳುವ ಎರಡು ಮೂರು ಕಡೆಯ ಬಣ್ಣ. ಕೋಟಿನ ಮೈಗೆ ಬೇಕಿರುವುದು ಇದ್ದಿಲಿನ ಬಣ್ಣದ ಕಡುಬೂದು. ಪಂಚೆಯ ಮೈಗೆ ಬೇಕಿರುವುದು ತಿಳಿಬೂದು. ಇದನ್ನು ಈ ವರ್ಷ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ಭಾನುವಾರ ಮತ್ತದೇ ಮುಚ್ಚಳ ತೆಗೆಯುತ್ತಾರೆ.

"ನಿಜವಾದ ಕೋಟಿಗೆ ಯಾರೂ ನೆರಳು ಬಳಿಯುವುದಿಲ್ಲವಲ್ಲ, ಗೊಂಬೆಗೆ ಏಕೆ?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಐದೂಮುಕ್ಕಾಲು ಅಡಿಯ ಆಳನ್ನು 54 ಮಿಲಿಮೀಟರ್ ಗೊಂಬೆಯಾಗಿ ಮಾಡಿದಾಗ ಎಲ್ಲವೂ ಸುಮಾರು 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಇಂಚು ಆಳದ ನೆರಿಗೆ ಒಂದು ಮಿಲಿಮೀಟರ್ ಕೂಡ ಉಳಿಯುವುದಿಲ್ಲ. ಮನೆಯ ಟ್ಯೂಬ್‌ಲೈಟಿನ ಚದುರಿದ ಬೆಳಕಿನಲ್ಲಿ ಅಷ್ಟು ಸಣ್ಣ ನೆರಿಗೆಯ ನೆರಳನ್ನು ಒಂದು ಮಾರು ದೂರದಿಂದ ಕಣ್ಣು ಹಿಡಿಯಲಾರದು. ಅದನ್ನು ನಾವೇ ಬರೆದು ತೋರಿಸಬೇಕು. ಕೆಂಪು ರವಿಕೆಯಲ್ಲಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಕಪ್ಪಿನಲ್ಲಿ ತಪ್ಪಿದರೆ ಗೊಂಬೆಯ ಎದೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ತುದಿಗೆ ಜಿಗಿಯುವವರೂ ಇದ್ದಾರೆ. ಕಡುಬೂದಿನ ಮೇಲೆ ಬೂದು, ಅದರ ಮೇಲೆ ತಿಳಿಬೂದು ಎಂದು ಬಳಿಯುತ್ತ ಹೋಗಿ ಕರಿ ಕೋಟಿನ ವಕೀಲರನ್ನು ಬೂದು ಕೋಟಿನ ಗುಮಾಸ್ತರನ್ನಾಗಿ ಮಾಡಿಬಿಡುತ್ತಾರೆ. ಕಪ್ಪು ಕಪ್ಪಾಗಿಯೇ ಕಾಣಬೇಕೆಂದರೆ ಬೆಳಕಿನ ಗೆರೆ ಎಷ್ಟು ತಿಳಿಯಾಗಿದೆ ಎನ್ನುವುದಕ್ಕಿಂತ ಎಷ್ಟು ಜಾಗ ಹಿಡಿದಿದೆ ಎನ್ನುವುದು ಮುಖ್ಯ. ಕೂದಲೆಳೆಯಷ್ಟು ಗೆರೆ ಸಾಕಷ್ಟು ತಿಳಿಯಾಗಿದ್ದರೂ ಕಣ್ಣು ಅದನ್ನು ಕಪ್ಪಿನ ಮೇಲೆ ಬಿದ್ದ ಬೆಳಕೆಂದೇ ಓದುತ್ತದೆ. ಅದೇ ಗೆರೆ ದಪ್ಪವಾದರೆ ಬೂದು ಬಟ್ಟೆಯೆಂದು ಓದುತ್ತದೆ. ಬಿಳಿಯಲ್ಲಿ ಇದೇ ಲೆಕ್ಕ ತಿರುಗುಮುರುಗು: ನೆರಳು ನೆರಿಗೆಯ ಸಂದಿಯಲ್ಲಿ ಮಾತ್ರ ಇರಬೇಕು, ಉಳಿದದ್ದೆಲ್ಲ ತಿಳಿಯಾಗಿರಬೇಕು.

ಬೂದು ಬೆರೆಸುವಾಗ ಬಿಳಿಗೆ ಕಪ್ಪನ್ನು ಬ್ರಷ್ಷಿನ ಮೊನೆಯಲ್ಲಿ ಸೇರಿಸಿ. ನಾವು ಬಳಸುವ ಕಪ್ಪಿನಲ್ಲಿ ಸಾಮಾನ್ಯವಾಗಿ ಇರುವುದು ಇಂಗಾಲ, ದೀಪದ ಕಾಡಿಗೆಯ ಜಾತಿಯದೇ, ಒಂದು ಹನಿ ಹೆಚ್ಚಾದರೂ ಬಟ್ಟಲನ್ನೆಲ್ಲ ನುಂಗುತ್ತದೆ. ಬರೀ ಕಪ್ಪು ಬಿಳಿ ಬೆರೆಸಿದರೆ ಬರುವ ಬೂದು ತುಸು ನೀಲಿಗೆ ತಿರುಗಿ ಸಿಮೆಂಟಿನಂತೆ ಕಾಣುತ್ತದೆ. ಎಲ್ಲ ಕಪ್ಪಿಗೂ ಅದು ಹೊಂದುವುದಿಲ್ಲ. ಚಳ್ಳಕೆರೆಯ ಕಡೆಯ ಕರಿ ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡಿ. ಅದು ಕುರಿಯ ಸಹಜ ಕಪ್ಪು ಉಣ್ಣೆ. ಗೊಪ್ಪೆ ಹಾಕಿಕೊಂಡು ದಿನವಿಡೀ ಬಯಲಲ್ಲಿ ನಿಲ್ಲುವ ಕುರಿಗಾಹಿಯ ಕಂಬಳಿ ತಲೆ ಮತ್ತು ಹೆಗಲ ಮೇಲೆ ಕಂದಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಅದರ ಹೈಲೈಟಿಗೆ, ಅಂದರೆ ಬೆಳಕು ಬೀಳುವ ಕಡೆಗೆ, ಕಪ್ಪಿನ ಜೊತೆ ಕಂದು, ಚಿಟಿಕೆಯಷ್ಟು ಕಾವಿಹಳದಿ ಸೇರಿಸುತ್ತೇನೆ. ಬಿಳಿಯನ್ನು ಮುಟ್ಟುವುದೇ ಇಲ್ಲ. ಒರಟು ಉಣ್ಣೆಯಾದ್ದರಿಂದ ಗೆರೆ ಎಳೆಯದೆ ಚುಕ್ಕೆ ಚುಕ್ಕೆಯಾಗಿ ಇಡುತ್ತೇನೆ.

ಎಮ್ಮೆಯ ವಿಷಯ ಬೇರೆ. ಚಿತ್ರದುರ್ಗದ ರಸ್ತೆಯಲ್ಲಿ ಮಧ್ಯಾಹ್ನ ಎದುರಾಗುವ ಎಮ್ಮೆಯ ಬೆನ್ನು ಧೂಳು ಹಿಡಿದು ಮಂಕಾಗಿರುತ್ತದೆ. ಅದೇ ಎಮ್ಮೆ ಕೆರೆಗೆ ಇಳಿದು ಮೇಲೆ ಬಂದಾಗ ಬೆನ್ನುಮೂಳೆಯ ಉದ್ದಕ್ಕೂ ಬೆಳ್ಳಿ ತಂತಿ ಇಟ್ಟಂತೆ ಒಂದು ಗೆರೆ ಹೊಳೆಯುತ್ತದೆ, ಪಕ್ಕದಲ್ಲೇ ಕಗ್ಗತ್ತಲು. ನಡುವೆ ಬೂದು ಹೆಚ್ಚೇನೂ ಇರುವುದಿಲ್ಲ. ಒದ್ದೆ ಚರ್ಮ, ಪಾಲಿಶ್ ಮಾಡಿದ ಬೂಟು, ಎಣ್ಣೆ ಹಚ್ಚಿದ ಕಪ್ಪು ಕಲ್ಲು, ಇವೆಲ್ಲ ಹೀಗೆಯೇ. ಬಟ್ಟೆಗೆ ಈ ಹೊಳಪು ಕೊಟ್ಟರೆ ರೆಕ್ಸಿನ್ ಆಗುತ್ತದೆ.

ಬಿಳಿಯ ಬಗ್ಗೆ ನಮ್ಮ ಮನೆಯ ಹೆಂಗಸರಿಗೆ ತಿಳಿದಿರುವಷ್ಟು ನನ್ನ ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ಒಗೆದ ಪಂಚೆಯನ್ನು ಕೊನೆಯಲ್ಲಿ ನೀಲಿ ನೀರಿನಲ್ಲಿ ಅದ್ದಿ ತೆಗೆಯುವುದೇಕೆ? ಬಟ್ಟೆಯ ಹಳದಿ ಛಾಯೆಯನ್ನು ನೀಲಿ ಅಡಗಿಸುತ್ತದೆ, ಕಣ್ಣು ಅದನ್ನು ಹೆಚ್ಚು ಬಿಳಿಯೆಂದು ಒಪ್ಪಿಕೊಳ್ಳುತ್ತದೆ. ಹಾಗಾಗಿ ಮಡಿ ಪಂಚೆಯ ನೆರಳಿಗೆ ನೀಲಿಬೂದು ಬಳಸಿ. ಹೊಲದ ಹತ್ತಿಗೆ, ರೈತನ ಹಳೆಯ ರುಮಾಲಿಗೆ ಕೆನೆಬಣ್ಣದ ಕಡೆಯ ಕಂದುಬೂದು ಸರಿ. ಬಿಳಿಯ ಮೇಲೆ ಕಪ್ಪು ವಾಶ್, ಅಂದರೆ ನೀರಾಗಿಸಿದ ಕಪ್ಪು ಬಣ್ಣ, ಸುರಿಯುವ ಮಹನೀಯರಿಗೆ ಕೈಮುಗಿಯುತ್ತೇನೆ. ಅದು ನೆರಳಲ್ಲ, ಕೊಳೆ. ಬಿಳಿ ಎಂದರೆ ಹೇಗಿರುತ್ತದೆಂದು ಕಲಿಯಲು ಅಮೃತಮಹಲ್ ಹೋರಿಗಿಂತ ಒಳ್ಳೆಯ ಮೇಷ್ಟ್ರು ಬೇಡ. ದೂರಕ್ಕೆ ಬೆಳ್ಳಗೆ ಕಂಡದ್ದು ಹತ್ತಿರ ಹೋದಂತೆ ಕುತ್ತಿಗೆ, ಹಿಣಿಲು, ತೊಡೆಗಳಲ್ಲಿ ಬೂದಿಗೆ ತಿರುಗುತ್ತದೆ.

ಒಂದು ಎಚ್ಚರಿಕೆ. ನಾನು ಹೇಳುತ್ತಿರುವುದು ಆಕ್ರಿಲಿಕ್ ಬಣ್ಣದ ಅನುಭವ, ನಿಮ್ಮ ಕಂಪನಿಯ ಬಣ್ಣದಲ್ಲಿ ಪ್ರಮಾಣ ತುಸು ಬದಲಾಗಬಹುದು. ಹೊಳಪಿಲ್ಲದ ವಾರ್ನಿಶ್ ಹೊಡೆದರೆ ಕಪ್ಪು ಸ್ವಲ್ಪ ಮಾಸುತ್ತದೆ, ಹೊಳಪಿನದು ಹೊಡೆದರೆ ಇನ್ನೂ ಗಾಢವಾಗುತ್ತದೆ. ಮುರಿದ ಗೊಂಬೆಯೊಂದರ ಮೇಲೆ ಮೊದಲು ಹೊಡೆದು ನೋಡದೆ ನನ್ನನ್ನು ಬೈಯಬೇಡಿ. ಏಪ್ರಿಲ್‌ನಲ್ಲಿ ನಮ್ಮೂರ ಸೆಕೆಗೆ ಬಿಳಿ ಬಣ್ಣ ತಟ್ಟೆಯಲ್ಲೇ ಒಣಗಿ ಸುಣ್ಣದ ಪುಡಿಯಂತಾಗುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್ ಹಾಸಿ ಬಣ್ಣ ಇಟ್ಟುಕೊಳ್ಳಿ.

ಎರಡು ವರ್ಷದ ಹಿಂದೆ ಹತ್ತಿ ವ್ಯಾಪಾರದ ಮನೆತನದ ಸಾಹುಕಾರರೊಬ್ಬರು ತಮ್ಮ ಅಜ್ಜನ ಫೋಟೊ ತಂದರು. ಗಾಜಿನ ಪೆಟ್ಟಿಗೆಯಲ್ಲಿಡಲು ಒಂದು ಗೊಂಬೆ ಬೇಕಿತ್ತು. ಮುಚ್ಚುಗೊರಳಿನ ಕರಿ ಕೋಟು, ಕಚ್ಚೆ ಪಂಚೆ, ಬಿಳಿ ರುಮಾಲು. ಹದಿನೈದು ದಿನ ಕೂತು ಮಾಡಿದೆ. ಅವರು ನೋಡಿ, "ಮೇಷ್ಟ್ರೇ, ಕೋಟು ಕಪ್ಪಗಿಲ್ಲ, ಪಂಚೆ ತೊಳೆದಿಲ್ಲ" ಎಂದರು. ಫೋಟೊ ಮುಂದೆ ಹಿಡಿದರು. ಹಳೆಯ ಕಪ್ಪುಬಿಳುಪು ಫೋಟೊ. ಅದರಲ್ಲಿ ಕೋಟೆಂದರೆ ಒಂದು ಕಪ್ಪು ಕಲೆ, ಪಂಚೆಯೆಂದರೆ ಒಂದು ಬಿಳಿ ಕಲೆ. ವಾದಿಸಲಿಲ್ಲ. ದುಡ್ಡು ಕೊಡುವವರು ಅವರು. ಇನ್ನೊಂದು ಗೊಂಬೆಗೆ ಬಾಟಲಿಯ ಕಪ್ಪು, ಬಾಟಲಿಯ ಬಿಳಿ ಬಳಿದು ಎರಡನ್ನೂ ಅವರ ಮನೆಗೆ ತೆಗೆದುಕೊಂಡು ಹೋದೆ.

ಸಾಹುಕಾರರು ಎರಡನೆಯದನ್ನು ಎತ್ತಿಕೊಂಡು ಖುಷಿಪಟ್ಟರು. ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಅವರ ತಾಯಿ ಎರಡನ್ನೂ ತಮ್ಮ ಹತ್ತಿರ ತರಿಸಿಕೊಂಡರು. ಮೊದಲನೆಯ ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮ ಮಾವನವರ ಹತ್ತಿರ ಇದ್ದದ್ದು ಅದೊಂದೇ ಕೋಟು ನೋಡಪ್ಪ" ಎಂದರು. "ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುತ್ತಿದ್ದರು. ಕಿಟಕಿಯ ಬಿಸಿಲು ಬಿದ್ದು ಬಿದ್ದು ಎಡ ಹೆಗಲು ಕೆಂಪಗಾಗಿತ್ತು. ನೀನು ಎರಡೂ ಹೆಗಲನ್ನು ಒಂದೇ ಥರ ಮಾಡಿದ್ದೀಯ."

ಗೊಂಬೆಯನ್ನು ವಾಪಸ್ ತಂದು ಎಡ ಹೆಗಲಿಗೆ ಕಂದಿನ ತೆಳುಪದರ ಎರಡು ಸಲ ಹಾಕಿ ಕೊಟ್ಟೆ. ಈಗ ಕೋಟಿನ ಗೊಂಬೆ ಮಾಡಿಸಲು ಯಾರೇ ಬಂದರೂ, ಕೋಟನ್ನು ಎಲ್ಲಿ ತೂಗುಹಾಕುತ್ತಿದ್ದರು ಎಂದು ಮೊದಲೇ ಕೇಳಿಬಿಡುತ್ತೇನೆ.