ಫುಗ್ಗರ್ ಮನೆತನದ ಪೇಟೆಮನೆ ಮತ್ತು ಒಂದು ಗುಲ್ಡನ್ ಬಾಡಿಗೆಯ ಕೇರಿ

ದಕ್ಷಿಣ ಜರ್ಮನಿಯ ಔಗ್ಸ್‌ಬರ್ಗ್ ನಗರಕ್ಕೆ 1367ರಲ್ಲಿ ಬಂದು ನೆಲೆಸಿದ ನೇಕಾರ ಹನ್ಸ್ ಫುಗ್ಗರನ ಮೊಮ್ಮಗ ಯಾಕೋಬ್ ಫುಗ್ಗರ್ (1459–1525), ಬಟ್ಟೆ ವ್ಯಾಪಾರದಿಂದ ಮೇಲೆದ್ದ ಮನೆತನವನ್ನು ಬೆಳ್ಳಿ–ತಾಮ್ರದ ಗಣಿಗಳಿಗೂ ಅರಸರಿಗೆ ಸಾಲ ಕೊಡುವ ಲೇವಾದೇವಿಗೂ ಕೊಂಡೊಯ್ದನು. 1505ರಲ್ಲಿ ಭಾರತಕ್ಕೆ ಪೋರ್ಚುಗೀಸರ ಮೊದಲ ವೈಸ್‌ರಾಯ್ ಆಗಿ ಬಂದ ಅಲ್ಮೇಡಾನೊಡನೆ ಹೊರಟ ನೌಕಾಪಡೆಗೂ ಈ ಮನೆತನದ ಹಣ ಹೂಡಿಕೆಯಾಗಿತ್ತು. ಕಾರವಾರದ ಎದುರಿನ ಅಂಜದೀವದಲ್ಲಿ ಕೋಟೆ ಕಟ್ಟಿ, ಹೊನ್ನಾವರಕ್ಕೆ ಬೆಂಕಿಯಿಟ್ಟದ್ದು ಅದೇ ಪಡೆ ಎಂಬುದು ನಮ್ಮ ಕರಾವಳಿಯ ಚರಿತ್ರೆ ಓದುವವರಿಗೆ ನೆನಪಿರಲಿ.

ಯಾಕೋಬ್ 1512–1515ರ ನಡುವೆ ನಗರದ ಮುಖ್ಯ ಬೀದಿಯಲ್ಲಿ ಕಟ್ಟಿಸಿದ ಪೇಟೆಮನೆ ಅವನ ವಾಸಸ್ಥಾನವೂ ಹೌದು, ವ್ಯವಹಾರದ ಕೇಂದ್ರವೂ ಹೌದು. ತೊಟ್ಟಿಮನೆಗಳನ್ನು ಕಂಡ ನಮಗೆ ನಡುವಿನ ಅಂಗಳ ಹೊಸದೆನಿಸದು. ಆದರೆ ಇಲ್ಲಿನ 'ಡಾಮೆನ್‌ಹೋಫ್' ಅಂಗಳವನ್ನು ಸುತ್ತುವರಿದ ಇಟಲಿ ಶೈಲಿಯ ಕಮಾನುಸಾಲು ಆಗಿನ ಜರ್ಮನಿಗೆ ತೀರ ಹೊಸದು, ಮತ್ತು ಯಾಕೋಬ್ ವ್ಯಾಪಾರ ಕಲಿತ ವೆನಿಸ್ ನಗರದ ನೆನಪನ್ನು ತರುವಂಥದ್ದು. 1518ರಲ್ಲಿ ಪೋಪರ ಪ್ರತಿನಿಧಿ ಕಾಯೆತಾನ್, ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರನನ್ನು ವಿಚಾರಣೆಗೆ ಒಳಪಡಿಸಿದ್ದು ಇದೇ ಮನೆಯಲ್ಲಿ. ಲೂಥರ್ ಖಂಡಿಸಿದ ಪಾಪಕ್ಷಮಾ ಪತ್ರಗಳ (ಪಾಪದ ಶಿಕ್ಷೆ ತಗ್ಗುವುದೆಂದು ಚರ್ಚ್ ಹಣಕ್ಕೆ ಕೊಡುತ್ತಿದ್ದ ಪತ್ರಗಳ) ಹಣ ಸಾಗುತ್ತಿದ್ದುದೂ ಫುಗ್ಗರರ ಲೆಕ್ಕಪುಸ್ತಕದ ಮೂಲಕವೇ ಆದ್ದರಿಂದ, ಆ ಸ್ಥಳದ ಆಯ್ಕೆಯನ್ನು ಬರಿಯ ಆತಿಥ್ಯವೆಂದು ಓದುವುದು ನನಗೆ ಸರಿ ತೋರದು.

ಈ ಭವನವನ್ನು ನಗರದ ಇನ್ನೊಂದು ಭಾಗದಲ್ಲಿ ಅವನೇ ಸ್ಥಾಪಿಸಿದ 'ಫುಗ್ಗರೈ' ಕೇರಿಯೊಡನೆ ಜೋಡಿಸಿಯೇ ಅಧ್ಯಯನ ಮಾಡಬೇಕು. 1521ರ ದತ್ತಿಪತ್ರದಂತೆ ಇಲ್ಲಿ ಮನೆ ಪಡೆಯುವವರು ಔಗ್ಸ್‌ಬರ್ಗಿನ ಬಡ ಕ್ಯಾಥೊಲಿಕರಾಗಿರಬೇಕು, ವರ್ಷಕ್ಕೆ ಒಂದು ರೈನ್ ಗುಲ್ಡನ್ (ಆ ಕಾಲದ ಜರ್ಮನ್ ನಾಣ್ಯ) ಬಾಡಿಗೆ ಕೊಡಬೇಕು, ದಿನಕ್ಕೆ ಮೂರು ಪ್ರಾರ್ಥನೆ ಸಲ್ಲಿಸಬೇಕು. ಆ ಬಾಡಿಗೆಯನ್ನು ಇಂದಿಗೂ ಏರಿಸಿಲ್ಲ. ಈಗಿನ ಲೆಕ್ಕದಲ್ಲಿ ಅದು 0.88 ಯೂರೊ. ಸಾಲುಮನೆಗಳೆಲ್ಲ ಒಂದೇ ಬಗೆಯವಾದರೂ ಬಾಗಿಲ ಗಂಟೆಯ ಹಿಡಿಗಳು ಮಾತ್ರ ಬೇರೆ ಬೇರೆ ಆಕಾರದವು. ದೀಪವಿಲ್ಲದ ಬೀದಿಯಲ್ಲಿ ಕೈಯಿಂದ ತಡವಿಯೇ ತಮ್ಮ ಮನೆಯನ್ನು ಗುರುತಿಸಿಕೊಳ್ಳಲೆಂದು ಹಾಗೆ ಮಾಡಿದರೆಂದು ಹೇಳುತ್ತಾರೆ. ಸಂಗೀತಗಾರ ಮೊಝಾರ್ಟನ ಮುತ್ತಜ್ಜ, ಗಾರೆ ಕೆಲಸದ ಫ್ರಾಂಟ್ಸ್, ಇಲ್ಲಿಯ ಬಾಡಿಗೆದಾರನಾಗಿದ್ದನು.

ಸ್ಪೇನಿನ ಅರಸರು ಸಾಲ ತೀರಿಸದೆ ಕೈಯೆತ್ತಿದ ಮೇಲೆ ಮನೆತನದ ವ್ಯಾಪಾರ ಕ್ಷೀಣಿಸಿದರೂ ದತ್ತಿ ಉಳಿದದ್ದೇಕೆ? ಮುಂದೆ ಅದರ ಬಂಡವಾಳ ಕಾಡು–ಜಮೀನುಗಳ ಕಡೆಗೆ ತಿರುಗಿದ್ದೇ ಮುಖ್ಯ ಕಾರಣ. 1944ರ ಫೆಬ್ರವರಿಯ ವಾಯುದಾಳಿಯಲ್ಲಿ ಭವನವೂ ಕೇರಿಯ ಬಹುಭಾಗವೂ ನೆಲಕಚ್ಚಿದವು. ಯುದ್ಧಾನಂತರ ಎರಡನ್ನೂ ಮತ್ತೆ ಕಟ್ಟಲಾಯಿತು. ಕೇರಿಯ ಖರ್ಚಿನ ದೊಡ್ಡ ಪಾಲು ಇಂದಿಗೂ ದತ್ತಿಯ ಕಾಡುಗಳ ಆದಾಯದಿಂದಲೇ ಬರುತ್ತದೆ.